ಸೋಮವಾರ ಮಾತಾಡಿದ ಮಿಷಿನ್ನು

"ಇದು ಸೋಮವಾರ ಬಾಯೇ ಬಿಡಲ್ಲ ಮೇಡಂ. ನಾನೇ ಹಾಗೆ ಮಾಡಿಟ್ಟಿದೀನಿ. ಅಂದಮೇಲೆ ಅಂಜಿನಮೂರ್ತಿ ಸುಳ್ಳು ಹೇಳ್ತಿರಬೇಕು."

ಹೇಳುತ್ತಲೇ ಶೃತಿ ಮುಖ ತಿರುಗಿಸಿಕೊಂಡಳು. ಇನ್ನೊಬ್ಬರನ್ನು ಸುಳ್ಳುಗಾರ ಎನ್ನುವುದು ಆ ಹುಡುಗಿಗೆ ಅಭ್ಯಾಸವಿರಲಿಲ್ಲ.

ಸರ್ವಮಂಗಳಾ ಸ್ಟೂಲನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡಳು. ಮಧುಗಿರಿಯ ಜೆರಾಕ್ಸ್ ಅಂಗಡಿಯೊಂದರ ಮಹಡಿ ಮೇಲಿನ ಕೋಣೆ ಅದು. ಬೆಟ್ಟದ ಬಂಡೆಗೆ ಬಿದ್ದ ಬಿಸಿಲು ಕಿಟಕಿಯಿಂದ ವಾಪಸ್ಸು ಬಂದು ಕಣ್ಣಿಗೆ ಹೊಡೆಯುತ್ತಿತ್ತು. ವಿಮಾ ಕಂಪನಿಯ ಪರವಾಗಿ ದನ ಸತ್ತಿತೋ ಸಾಯಿಸಿದರೋ, ಕುರಿ ಕಳುವಾಯಿತೋ ಮಾರಿಕೊಂಡರೋ ಎಂದು ಪತ್ತೆ ಹಚ್ಚುವುದು ಸರ್ವಮಂಗಳಾಳ ಕಸುಬು. ಹದಿನೈದು ವರ್ಷ ಈ ನಾಲ್ಕು ತಾಲ್ಲೂಕಿನ ಕೊಟ್ಟಿಗೆಗಳನ್ನು ತುಳಿದ ಮೇಲೆ ಅವಳಿಗೆ ಕುರಿಗಳ ಮೇಲೆ ಪ್ರೀತಿಯೂ ಮನುಷ್ಯರ ಮೇಲೆ ಅನುಮಾನವೂ ಒಟ್ಟಿಗೇ ಬೆಳೆದಿದ್ದವು.

ಹೋದ ಸೋಮವಾರ ರಾತ್ರಿ ಕೊಳಾಲದ ಕಡೆಯ ಹೊಲವೊಂದರಿಂದ, ಕುರಿ ಸಾಕುವವರ ಹಟ್ಟಿಯ ಹುಡುಗ ಅಂಜಿನಮೂರ್ತಿ ಮಲಗಿದ್ದಾಗ, ಅವನು ಕಾಯುತ್ತಿದ್ದ ಕುರಿಮಂದೆ ಇಡಿಯಾಗಿ ಮಾಯವಾಗಿತ್ತು. ಜೊತೆಗೆ ಅವನ ಫೋನಿದ್ದ ಕಂಬಳಿ ಗಂಟೂ. ವೆಬ್‌ಸೈಟಿನ ಮೆಸೇಜು ನಂಬಿ ಅಲ್ಲಿಗೆ ಹೋದೆ ಎಂಬುದೊಂದೇ ಅವನ ಮಾತು.

"ಅಲ್ಲಮ್ಮಾ, ನೀನೇ ಕುರಿ ಮಾರ್ಕೊಂಡು ಸುಳ್ಳು ಹೇಳಬೇಕು ಅಂತಿಟ್ಕೋ. ಮೆಸೇಜು ಯಾವತ್ತು ಬಂತು ಅಂತೀಯ?"

"ಭಾನುವಾರ ಅಂತೀನಿ. ಇಲ್ಲಾ ಶನಿವಾರ."

"ನಿನ್ನ ಮಿಷಿನ್ನು ಸೋಮವಾರ ಮಾತಾಡಲ್ಲ ಅಂತ ಹಟ್ಟಿಯ ಕೂಸುಗಳಿಗೂ ಗೊತ್ತು. ಗೊತ್ತಿದ್ದೂ ಅವನು ಸೋಮವಾರವೇ ಬಂತು ಅಂತ ಹಿಡಿದ ಪಟ್ಟು ಬಿಡ್ತಿಲ್ಲ. ಇಷ್ಟು ದಡ್ಡ ಸುಳ್ಳನ್ನ ಯಾರು ಹೇಳ್ತಾರೆ?"

ಶೃತಿಯ ತಿರುಗಿಸಿಕೊಂಡಿದ್ದ ಮುಖ ಈ ಕಡೆಗೆ ಬಂತು.

"ಈಗ ಇದು ಹೆಂಗೆ ಕೆಲಸ ಮಾಡುತ್ತೆ ಹೇಳು. ನನಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ ಅನ್ಕೊಂಡು ಹೇಳು."

"ಹೊಲಕ್ಕೆ ಗೊಬ್ಬರವಾಗಲಿ ಅಂತ ರೈತರು ಕುರಿಮಂದೆ ನಿಲ್ಲಿಸಿಕೊಳ್ತಾರಲ್ಲ, ಅವರು ನಮ್ಮ ವೆಬ್‌ಸೈಟಲ್ಲಿ ಒಂದು ಫಾರಂ ತುಂಬ್ತಾರೆ. ಯಾವ ಊರು, ಯಾವ ಹೊಲ, ಯಾವತ್ತು ಬೇಕು. ಫಾರಂ ತಾನಾಗಿ ಏನೂ ಮಾಡಲ್ಲ ಮೇಡಂ, ತುಂಬಿಸ್ಕೊಂಡು ಸುಮ್ನಿರುತ್ತೆ. ಅದನ್ನ ನಾನು ಹೊರಗಿನ ಒಂದು ಸರ್ವೀಸಿಗೆ ಜೋಡಿಸಿದೀನಿ. ಫಾರಂ ತುಂಬಿದ ತಕ್ಷಣ ಆ ಸರ್ವೀಸು ವಿವರಾನೆಲ್ಲ ಎತ್ಕೊಂಡು ಹತ್ತಿರದಲ್ಲಿರೋ ಮಂದೆಯವರ ಫೋನಿಗೆ ವಾಟ್ಸಾಪ್ ಕಳಿಸುತ್ತೆ. ಓದು ಬಾರದವರಿಗೋಸ್ಕರ ಧ್ವನೀಲಿ ಹೇಳುತ್ತೆ. ಮಂದೆ ಜೊತೆ ಇರೋರಿಗೂ ಹೋಗುತ್ತೆ, ಯಜಮಾನರಿಗೂ ಹೋಗುತ್ತೆ. ಮಧ್ಯೆ ಯಾರೂ ಕೈ ಹಾಕೋ ಹಾಗಿಲ್ಲ."

"ಸೋಮವಾರದ ಕಥೆ?"

ಶೃತಿಗೆ ಸಣ್ಣಗೆ ನಗು ಬಂತು. "ಅದು ಮೂಡಲಗಿರಿಯಪ್ಪನವರ ಷರತ್ತು. ಸೋಮವಾರ ದೇವರ ದಿನ, ಅವತ್ತು ನಾವು ಮಂದೆ ಎತ್ತಿ ಬೇರೆ ಹೊಲಕ್ಕೆ ಹೋಗಲ್ಲ, ಹಿರಿಯರೆಲ್ಲ ಹಟ್ಟಿಗೆ ಪೂಜೆಗೆ ಹೋಗ್ತೀವಿ. ನಿನ್ನ ಮಿಷಿನ್ನೂ ಸ್ವಾಮಾರ ಹಿಡಿಯೋದಾದ್ರೆ ಸೇರ್ತೀವಿ, ಇಲ್ದಿದ್ರೆ ಬ್ಯಾಡ ಅಂದ್ರು. ಅದಕ್ಕೇ ಸೋಮವಾರ ಬಂದ ಫಾರಮ್ಮುಗಳನ್ನ ತಡೆದಿಟ್ಟು ಮಂಗಳವಾರ ಬೆಳಿಗ್ಗೆ ಬಿಡೋ ಹಾಗೆ ಮಾಡಿದೆ."

ಮೂಡಲಗಿರಿಯಪ್ಪ ಹಟ್ಟಿಯ ಹಿರಿಯ. ಅಂಜಿನಮೂರ್ತಿಯ ಅಪ್ಪ.

"ಈ ನಿಯಮ ಮೊದಲಿಂದಲೂ ಇತ್ತೇನಮ್ಮ?"

"ಇಲ್ಲ. ಮೊದಲು ಟ್ರಯಲ್ ಅಂತ ಬೇರೆ ಜೋಡಣೆ ಮಾಡಿದ್ದೆ. ಅವರು ಒಪ್ಪದೇ ಇದ್ದಾಗ ಹೊಸದು ಮಾಡ್ದೆ."

"ಹಳೇದನ್ನ ಏನು ಮಾಡ್ದೆ?"

ಶೃತಿ ಬಹಳ ನಿಧಾನವಾಗಿ ಒಂದೊಂದೇ ಪುಟ ತೆರೆಯತೊಡಗಿದಳು. ಕೊನೆಗೆ ಪರದೆಯ ಕೆಳಗಿನ ಮೂಲೆಯಲ್ಲಿ 'ಟ್ರಯಲ್' ಎಂಬ ಹೆಸರು ಕಾಣಿಸಿತು. ಅದರ ಪಕ್ಕದ ಸ್ವಿಚ್ಚು ಹಸಿರಾಗಿತ್ತು.

"ಅಯ್ಯೋ ದೇವರೇ. ಇದನ್ನ ಆಫ್ ಮಾಡೇ ಇಲ್ಲ ನಾನು."

ತೆರೆದು ನೋಡಿದರೆ ತಿಂಗಳುಗಟ್ಟಲೆ ಅದರಲ್ಲಿ ಏನೂ ನಡೆದಿರಲಿಲ್ಲ. ಹೋದ ಸೋಮವಾರ ಸಂಜೆ ಮಾತ್ರ ಅದು ಒಂದು ಸಲ ಎದ್ದು, ಒಂದು ಮೆಸೇಜು ಕಳಿಸಿ, ಮತ್ತೆ ಮಲಗಿತ್ತು. ಮೆಸೇಜು ಹೋದದ್ದು ಅಂಜಿನಮೂರ್ತಿಯ ನಂಬರಿಗೆ. ಅಪ್ಪನ ಹತ್ತಿರ ಫೋನಿಲ್ಲದ್ದರಿಂದ ಆ ಮಂದೆಗೆ ಇದ್ದದ್ದು ಅದೊಂದೇ ನಂಬರು.

ಹುಡುಗ ದಿಟ ಹೇಳುತ್ತಿದ್ದಾನೆ ಎಂದು ಸರ್ವಮಂಗಳಾಳಿಗೆ ಮೊದಲೇ ಅನ್ನಿಸಿತ್ತು. ಅನ್ನಿಸುವುದು ಬೇರೆ, ಕಣ್ಣೆದುರಿಗೆ ಕಾಣುವುದು ಬೇರೆ.

"ಇದು ಒಂಥರಾ ಹಿತ್ತಿಲ ಬಾಗಿಲು ಮೇಡಂ," ಎಂದಳು ಶೃತಿ, ಕಣ್ಣು ಒರೆಸಿಕೊಳ್ಳುತ್ತ. "ಈ ಜೋಡಣೆಗೆ ಒಂದು ಉದ್ದನೇ ಅಡ್ರೆಸ್ಸು ಇರುತ್ತೆ. ಅದು ಗೊತ್ತಿದ್ದವರು ನಮ್ಮ ಫಾರಂ ತುಂಬಬೇಕಾಗೇ ಇಲ್ಲ. ನೇರವಾಗಿ ವಿವರ ತಳ್ಳಬಹುದು. ಮೆಸೇಜು ಮಾತ್ರ ನಮ್ಮ ಹೆಸರಲ್ಲೇ, ನಮ್ಮ ಧ್ವನೀಲೇ ಹೋಗುತ್ತೆ. ಇದಕ್ಕೆ ಸೋಮವಾರವೂ ಗೊತ್ತಿಲ್ಲ. ಈಗಲೇ ಮುಚ್ಚಿಬಿಡ್ತೀನಿ."

ಸರ್ವಮಂಗಳಾ ಅವಳ ಕೈ ಹಿಡಿದಳು.

"ಬೇಡ. ಸಂಜೆವರೆಗೂ ತೆಗೆದೇ ಇರಲಿ."

"ಯಾಕೆ ಮೇಡಂ?"

"ಇವತ್ತು ಸೋಮವಾರ. ಸಂಜೆ ಪೂಜೆ ಆದಮೇಲೆ ಹಟ್ಟಿಯವರು ಸೇರಿ ಅಂಜಿನಮೂರ್ತಿಯ ಕೋಲು ಕಿತ್ಕೊಳ್ತಾರೆ. ಒಂದು ಸಲ ಕೋಲು ಹೋದರೆ ಯಾವ ಹಟ್ಟಿಯವರೂ ಅವನನ್ನ ಕುರಿ ಹಿಂದೆ ನಿಲ್ಲಿಸ್ಕೊಳ್ಳಲ್ಲ. ಕಳ್ಳ ಅಂತ ಊರೇ ಹೇಳಿದ ಮೇಲೆ ಪೊಲೀಸರು ಬೇರೆ ಯಾರನ್ನ ಹುಡುಕ್ತಾರೆ? ನಾನು ಹೋಗಿ ಈ ಪರದೆಯ ಫೋಟೋ ತೋರಿಸಿದರೆ ಅವರು ಏನಂತಾರೆ ಗೊತ್ತಾ? ಆ ಹುಡುಗಿ ಬರೆದದ್ದು, ಏನು ಬೇಕಾದ್ರೂ ಬರೀತಾಳೆ ಅಂತಾರೆ. ಮಿಷಿನ್ನು ಸೋಮವಾರ ಮಾತಾಡೋದನ್ನ ಅವರ ಕಿವಿಗೇ ಕೇಳಿಸಬೇಕು."

ಉಪಾಯ ಸುಲಭವಿತ್ತು. ಪೂಜೆ ಮುಗಿದು ಎಲ್ಲರೂ ಸೇರಿದಾಗ ಸರ್ವಮಂಗಳಾ ಒಂದು ಮಿಸ್ಡ್ ಕಾಲ್ ಕೊಡುವುದು. ಶೃತಿ ಇಲ್ಲಿಂದ ಹಿತ್ತಿಲ ಬಾಗಿಲಿನ ಮೂಲಕ ಕದಿರಯ್ಯನ ಫೋನಿಗೆ ಮೆಸೇಜು ಕಳಿಸುವುದು. ಕದಿರಯ್ಯ ಅಂಜಿನಮೂರ್ತಿಯ ಸೋದರಮಾವ. ಅಳಿಯನ ಮೇಲೆ ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿರುವವನೂ ಅವನೇ.

"ಈಗ ಹೇಳು. ಆ ಉದ್ದನೇ ಅಡ್ರೆಸ್ಸು ಯಾರ್ಯಾರಿಗೆ ಕೊಟ್ಟಿದ್ದೆ?"

"ಒಬ್ಬರಿಗೇ ಮೇಡಂ. ಕೊರಟಗೆರೆ ಗೌರೀಶ್‌ ಅವರಿಗೆ."

* * *

ಗೌರೀಶ ಹಿಂಡಿ ಬೂಸಾ ಅಂಗಡಿಯ ಯಜಮಾನ. ಒಳ್ಳೆಯ ಮೈಕಟ್ಟು, ಅದಕ್ಕಿಂತ ಒಳ್ಳೆಯ ಬಾಯಿ.

"ಬರ್ಬೇಕು ಅಕ್ಕಾ, ಬರ್ಬೇಕು! ಈ ಬಿಸಿಲಲ್ಲಿ ಸ್ಕೂಟರಲ್ಲೇ ಬಂದ್ರಾ? ಮಜ್ಜಿಗೆ ತರಿಸ್ತೀನಿ."

ಸರ್ವಮಂಗಳಾ ಬೂಸಾ ಮೂಟೆಯೊಂದರ ಮೇಲೆ ಕೂತಳು. ಮಜ್ಜಿಗೆ ಬರುವವರೆಗೂ ಮಳೆ, ಬೆಳೆ, ಗೊರವನಹಳ್ಳಿಗೆ ಬರುವ ಬಸ್ಸುಗಳ ಜನಜಂಗುಳಿ ಎಲ್ಲ ಮಾತಾಡಿದಳು. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟಳು.

"ಶೃತಿ ಕೊಟ್ಟ ಅಡ್ರೆಸ್ಸನ್ನ ಯಾರಿಗೆ ಕೊಟ್ರಿ ಗೌರೀಶ್?"

ಅವನ ನಗು ಹೋಗಲಿಲ್ಲ, ಆದರೆ ಕಣ್ಣು ಅದರ ಜೊತೆಗಿರಲಿಲ್ಲ.

"ಯಾವ ಅಡ್ರೆಸ್ಸಕ್ಕಾ?"

"ನಿಮ್ಮ ಅಂಗಡಿ ವೆಬ್‌ಸೈಟಿನ ಫಾರಮ್ಮನ್ನ ಅವಳ ಮಿಷಿನ್ನಿಗೆ ಜೋಡಿಸಿಕೊಳ್ಳೋಕೆ ಇಸ್ಕೊಂಡಿದ್ರಲ್ಲ, ಅದು."

"ಓ, ಅದಾ! ನಮ್ಮ ಗಿರಾಕಿಗಳೂ ಮಂದೆ ಕೇಳ್ತಿದ್ರು, ಇಲ್ಲಿಂದಲೇ ಹೋಗ್ಲಿ ಅಂತ ಜೋಡಿಸಿದ್ದೆ. ಆ ವೆಬ್‌ಸೈಟೇ ಈಗ ಇಲ್ಲ. ನಿಲ್ಲಿಸಿ ಎಷ್ಟೋ ದಿನ ಆಯ್ತು."

"ವೆಬ್‌ಸೈಟು ನಿಂತಿದೆ. ಅಡ್ರೆಸ್ಸು ನಿಂತಿಲ್ಲ. ಹೋದ ಸೋಮವಾರ ಅದೇ ಅಡ್ರೆಸ್ಸಿನಿಂದ ಹೋದ ಮೆಸೇಜು ನಂಬಿ ಒಬ್ಬ ಹುಡುಗ ಕುರಿ ಕಳ್ಕೊಂಡ."

ಗೌರೀಶ ಎದ್ದು ನಿಂತ. "ಏನಕ್ಕಾ ಇದು, ಮಜ್ಜಿಗೆ ಕುಡಿದು ಕಳ್ಳತನ ಹೊರಿಸ್ತೀರಾ? ನನ್ನ ಗಿರಾಕಿಗಳಲ್ಲಿ ಅರ್ಧ ಜನ ಹಟ್ಟಿಯೋರೇ. ಅವರ ಅನ್ನ ತಿಂದು ಅವರ ಕುರಿ ಕದೀತೀನಾ ನಾನು?"

"ಕದ್ದಿದ್ದೀರಿ ಅಂದ್ನಾ? ಕೊಟ್ರಾ ಅಂತ ಕೇಳ್ದೆ."

"ಯಾರಿಗೂ ಕೊಟ್ಟಿಲ್ಲ."

"ಸರಿ ಹಾಗಾದ್ರೆ. ಇವತ್ತು ಸಂಜೆ ಆ ಹುಡುಗನ ಕೋಲು ಕಿತ್ಕೊಳ್ತಾರೆ. ಕಿತ್ಕೊಳ್ಳೋದು ಹಟ್ಟಿಯ ಹಿರಿಯ. ಹಿರಿಯ ಅಂದ್ರೆ ಹೆತ್ತ ಅಪ್ಪ. ಅವನ ತಾಯಿ ಕ್ಯಾತಮ್ಮ ನಿಮ್ಮಂಗಡೀಗೆ ಬರ್ತಾಳಲ್ಲ, ಅವಳು ಎಂಟು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಮುಂದಿನ ಸಲ ಬಂದಾಗ ಅವಳ ಮುಖ ನೋಡಿ ಮಾತಾಡಿ."

ಹೇಳಿ ಸರ್ವಮಂಗಳಾ ಎದ್ದಳು. ಚಪ್ಪಲಿ ಮೆಟ್ಟಿಕೊಂಡಳು. ಸ್ಕೂಟರಿನ ತನಕ ಹೋದಳು. ಅವಸರ ಮಾಡಲಿಲ್ಲ.

"ಅಕ್ಕಾ, ನಿಂತ್ಕೊಳ್ಳಿ."

ಗೌರೀಶ ಬಾಗಿಲಿಗೆ ಬಂದಿದ್ದ. ಗಂಡಸಿನ ದೊಡ್ಡ ಮೈಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಮುಖ ಇತ್ತು. ಸರ್ವಮಂಗಳಾಳಿಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದನ್ನು ತೋರಿಸಿಕೊಳ್ಳಲಿಲ್ಲ.

"ಆ ಕ್ಯಾತಮ್ಮ ನನ್ನ ಮಗಳಿಗೆ ಕಂಬಳಿ ಕೊಟ್ಟಿದಾಳೆ ಅಕ್ಕಾ, ಬಾಣಂತನಕ್ಕೆ. ಒಂದು ಲಾರಿಯೋನು ಬರ್ತಿದ್ದ. ಪಾವಗಡದ ಆಚೆಯೋನು, ಅರ್ಧ ತೆಲುಗು ಅರ್ಧ ಕನ್ನಡ. ನಮ್ಮ ಕಡೆ ರೈತರಿಗೂ ಮಂದೆ ಬೇಕು ಅನ್ನಾ, ನಾನು ಜೋಡಿಸ್ಕೊಡ್ತೀನಿ, ಆ ಅಡ್ರೆಸ್ಸು ಕೊಡಿ ಅಂದ. ವಾಟ್ಸಾಪಲ್ಲಿ ಕಳಿಸ್ದೆ. ಅದೇನು ಬೀಗದ ಕೈ ಅಂತ ನನಗೆ ಯಾರು ಹೇಳಿದ್ರು? ನೋಡಿದ್ರೆ ಬರೀ ಅಕ್ಷರ, ಅಂಕಿ, ಅಕ್ಷರ."

"ಹೆಸರು?"

"ಕೇಳಲಿಲ್ಲ. ಫೋನಲ್ಲಿ 'ಲಾರಿ' ಅಂತ ಹಾಕ್ಕೊಂಡಿದೀನಿ. ಈಗ ಮಾಡಿದ್ರೆ ಸ್ವಿಚ್ ಆಫ್."

"ಯಾವಾಗ ಬರ್ತಾನೆ?"

"ಸೋಮವಾರ ಮಾತ್ರ. ಬೇರೆ ದಿನ ಬಾ ಅಂದ್ರೂ ಬರಲ್ಲ. ಹಟ್ಟಿಯೋರ ಗಲಾಟೆ ಇರಲ್ಲ ಸೋಮವಾರ, ಆರಾಮ ಅಂತಿದ್ದ." ಗೌರೀಶ ಬೀದಿಯ ಎರಡೂ ಕಡೆ ನೋಡಿದ. "ಇವತ್ತು ಮಾತ್ರ ಇನ್ನೂ ಬಂದಿಲ್ಲ."

ಬಂದ ಕೂಡಲೇ ಫೋನ್ ಮಾಡಬೇಕೆಂದು ಹೇಳಿ ಸರ್ವಮಂಗಳಾ ಸ್ಕೂಟರ್ ಹತ್ತಿದಳು. ಮಧುಗಿರಿ ದಾಟಿ ಸಿರಾ ರಸ್ತೆ ಹಿಡಿಯುವ ತನಕ ಅವಳ ತಲೆಯಲ್ಲಿ ಆ ಒಂದು ಮಾತೇ ತಿರುಗುತ್ತಿತ್ತು. ಹಟ್ಟಿಯವರ ಗಲಾಟೆ ಇರಲ್ಲ ಸೋಮವಾರ.

ಹಟ್ಟಿಯವರು ಅಂಗಡಿಗೆ ಬರುವ ದಿನ ಅವನು ಬರುವುದಿಲ್ಲ. ಅಂದರೆ ಹಟ್ಟಿಯವರು ನೋಡಿದರೆ ಅವನ ಗುರುತು ಹಿಡಿಯುತ್ತಾರೆ.

ಸೋಮವಾರ ಹಿರಿಯರೆಲ್ಲ ಪೂಜೆಗೆ ಹೋಗುತ್ತಾರೆ, ಮಂದೆಯ ಜೊತೆ ಒಬ್ಬರೇ ಇರುತ್ತಾರೆ ಎಂಬುದು ಅವನಿಗೆ ಗೊತ್ತು. ಆದರೆ ಮಿಷಿನ್ನೂ ಸೋಮವಾರ ಹಿಡಿಯುತ್ತದೆ ಎಂಬುದು ಗೊತ್ತಿಲ್ಲ. ಗೊತ್ತಿದ್ದರೆ ಸೋಮವಾರ ಮೆಸೇಜು ಕಳಿಸುವ ಧೈರ್ಯ ಮಾಡುತ್ತಿರಲಿಲ್ಲ. ಹಟ್ಟಿಯ ಪದ್ಧತಿ ಬಲ್ಲವನು, ಹಟ್ಟಿಗೆ ಮಿಷಿನ್ನು ಬರುವ ಮೊದಲೇ ಅಲ್ಲಿಂದ ದೂರವಾದವನು. ಅಂಥವನು ಯಾರು ಎಂದು ಕೇಳಿದರೆ ಹಟ್ಟಿಯಲ್ಲಿ ಯಾರಾದರೂ ಹೇಳಬಲ್ಲರು. ಆದರೆ ಮೊದಲು ಹುಡುಗನ ಕೋಲು ಉಳಿಯಬೇಕು. ಉಳಿದದ್ದೆಲ್ಲ ಆಮೇಲೆ ಎಂದುಕೊಂಡು ಅವಳು ಸ್ಕೂಟರಿನ ಕಿವಿ ಹಿಂಡಿದಳು.

* * *

ಹಟ್ಟಿ ತಲುಪುವಾಗ ಹೊತ್ತು ಇಳಿದಿತ್ತು. ಮುಳ್ಳುಬೇಲಿಯ ಹೊರಗೇ ಚಪ್ಪಲಿ ಬಿಟ್ಟು ಒಳಗೆ ಹೋದಳು. ಗುಡಿಯಲ್ಲಿ ಪೂಜೆ ಆಗಲೇ ಮುಗಿದು, ಗಂಡಸರು ಅಂಗಳದಲ್ಲಿ ಸುತ್ತ ಕೂತಿದ್ದರು. ಹೆಂಗಸರು ಬೇಲಿಯ ಪಕ್ಕ ನಿಂತಿದ್ದರು.

ನಡುವೆ ಅಂಜಿನಮೂರ್ತಿ ಕೂತಿದ್ದ. ಮೊಣಕಾಲ ಮೇಲೆ ಅಡ್ಡಡ್ಡ ಕೋಲು. ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ನೋಡವ್ವ, ನಿಮ್ ಕಂಪ್ನಿ ವಿಚಾರ ಬ್ಯಾರೆ, ನಮ್ ಹಟ್ಟಿ ವಿಚಾರ ಬ್ಯಾರೆ," ಎಂದ ಕದಿರಯ್ಯ. ಕಂಬಳಿಯನ್ನು ಹೆಗಲಿಗೆ ಎಸೆದುಕೊಂಡು ಎದ್ದು ನಿಂತಿದ್ದ. "ನಮ್ಮಕ್ಕನ ಮಗ ಅಂತ ಬುಡಾಕಾಗಲ್ಲ. ಹೋದೋವು ಇವ್ನ ಕುರಿ ಒಂದೇ ಅಲ್ಲ, ಹಟ್ಟಿ ಕುರಿ. ಸ್ವಾಮಾರ ಮಂದೆ ಎತ್ತಿದ್ದೇ ತೆಪ್ಪು. ಅದ್ರ ಮ್ಯಾಲೆ ಮಿಷಿನ್ ಹೇಳ್ತು ಅಂತಾನೆ!"

"ಹೇಳ್ತು ಮಾವ."

"ಬಾಯ್ ಮುಚ್ಲಾ!"

ಅಂಜಿನಮೂರ್ತಿ ಸರ್ವಮಂಗಳಾಳ ಕಡೆ ತಿರುಗಿದ. "ದೇವ್ರಾಣೆಗೂ ಬಂತು ಮೇಡಮ್ಮೋರೆ. ಸ್ವಾಮಾರ ಹಿಡಿಯೋ ಮಿಷಿನ್ನೇ ಬಾಯ್ ಬುಟ್ಟೈತೆ ಅಂದ್ರೆ ಯಾರ್ದೋ ಜೀವಕ್ಕೆ ಬಂದೈತೆ ಅನ್ಕಂಡೆ. ತುರ್ತು ಅಂತು. ಬ್ಯಾರೆ ದಿನ ಆಗಿದ್ರೆ ಬೆಳಿಗ್ಗೆ ಎತ್ತಿದ್ರಾಯ್ತು ಅಂತಿದ್ದೆ. ಸ್ವಾಮಾರ ಬಂತಲ್ಲ, ಅದ್ಕೇ ನಂಬ್ದೆ."

ಸರ್ವಮಂಗಳಾ ಅವನನ್ನೇ ನೋಡುತ್ತ ನಿಂತಳು. ಎಂಟು ದಿನದಲ್ಲಿ ಈ ಮಾತನ್ನು ಅವನ ಬಾಯಿಂದ ಯಾರೂ ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಆ ಮೆಸೇಜನ್ನು ಅನುಮಾನಿಸುತ್ತಿದ್ದರು. ಇವನು ನಂಬಿದ್ದು ಅದು ಬರಬಾರದ ದಿನ ಬಂತು ಎಂಬ ಕಾರಣಕ್ಕೇ.

ಮೂಡಲಗಿರಿಯಪ್ಪ ಮಗನ ಮುಂದೆ ಬಂದು ನಿಂತ. ಮುದುಕನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕೊಡ್ಲಾ ಮಗ," ಎಂದ. ಕೈ ಚಾಚಿದ.

ಬೇಲಿಯ ಪಕ್ಕದಿಂದ ಕ್ಯಾತಮ್ಮ ಬಿಕ್ಕಿದ್ದು ಕೇಳಿಸಿತು.

"ಒಂದ್ನಿಮಿಷ ಯಜಮಾನ್ರೇ," ಎಂದಳು ಸರ್ವಮಂಗಳಾ. "ಇವತ್ತೂ ಸೋಮವಾರ ತಾನೇ? ಇವತ್ತು ಆ ಮಿಷಿನ್ನು ಮಾತಾಡಿದ್ರೆ ಹುಡುಗ ಹೇಳಿದ್ದು ದಿಟ ಅಂತ ಒಪ್ತೀರಾ?"

"ಅದೆಂಗೆ ಮಾತಾಡ್ತದೆ?" ಎಂದ ಕದಿರಯ್ಯ.

"ಒಪ್ತೀರೋ ಇಲ್ವೋ?"

ಗಂಡಸರು ಮುಖ ಮುಖ ನೋಡಿಕೊಂಡರು. ಮೂಡಲಗಿರಿಯಪ್ಪನ ಕೈ ಚಾಚಿದಲ್ಲೇ ಇತ್ತು. "ಒಪ್ತೀವಿ ಕಣವ್ವ," ಎಂದ. ಅಷ್ಟು ಹೇಳುವುದಕ್ಕೆ ಅವನು ಎಷ್ಟು ಆಸೆಯಿಂದ ಕಾದಿದ್ದನೋ.

ಸರ್ವಮಂಗಳಾ ಸೆರಗಿನ ಮರೆಯಲ್ಲಿ ಶೃತಿಗೆ ಮಿಸ್ಡ್ ಕಾಲ್ ಕೊಟ್ಟಳು. ಕದಿರಯ್ಯನ ಫೋನನ್ನು ಗುಡಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಡಿಸಿದಳು.

ಏನೂ ಆಗಲಿಲ್ಲ.

ಯಾರೋ ಕೆಮ್ಮಿದರು. ಯಾರೋ ಬೀಡಿ ಹಚ್ಚಿದರು. ಹಿಂದೆ ಒಬ್ಬ, "ಮಿಷಿನ್ನು ಪೂಜೆಗೋಗೈತೇನೋ," ಎಂದ. ಕೆಲವರು ನಕ್ಕರು. ಈ ಹುಡುಗಿ ಏನು ಮಾಡುತ್ತಿದ್ದಾಳೆ? ಸರ್ವಮಂಗಳಾ ಇನ್ನೊಂದು ಸಲ ಮಿಸ್ಡ್ ಕಾಲ್ ಕೊಟ್ಟಳು. ಕೈ ಕೆಳಗಿಳಿಸಿದ್ದ ಮೂಡಲಗಿರಿಯಪ್ಪ ಮತ್ತೆ ಮಗನ ಕಡೆ ತಿರುಗಿದ.

ಆಗ ಫೋನು ಟಿಣ್ ಎಂದಿತು.

ಕದಿರಯ್ಯ ಹಾವು ಮುಟ್ಟುವವನಂತೆ ಅದನ್ನು ಮುಟ್ಟಿದ. ಎಲ್ಲರಿಗೂ ಗೊತ್ತಿದ್ದ ಆ ಹೆಣ್ಣು ಧ್ವನಿ ಅಂಗಳದ ತುಂಬ ಕೇಳಿಸಿತು. "ನಮಸ್ಕಾರ. ನಿಮ್ಮ ಮಂದೆ ಬೇಕಾಗಿದೆ..."

ಮುಂದಿನದು ಯಾರಿಗೂ ಕೇಳಿಸಲಿಲ್ಲ. ಅಂಗಳಕ್ಕೆ ಅಂಗಳವೇ ಎದ್ದು ನಿಂತಿತ್ತು. "ಮಾತಾಡ್ತು ಕಣ್ಲಾ!" "ಸ್ವಾಮಾರ ಮಾತಾಡ್ತು!" ಕ್ಯಾತಮ್ಮ ಗಂಡಸರನ್ನೆಲ್ಲ ತಳ್ಳಿಕೊಂಡು ಬಂದು ಮಗನ ತಲೆಯನ್ನು ಎದೆಗೆ ಒತ್ತಿಕೊಂಡಳು. "ಹೇಳಿರ್ನಿಲ್ವಾ, ನನ್ ಮಗ ಸುಳ್ಳಾಡಲ್ಲ ಅಂತ ಹೇಳಿರ್ನಿಲ್ವಾ," ಎಂದು ಅಳುತ್ತಲೇ ಎಲ್ಲರನ್ನೂ ಬೈದಳು.

ಮೂಡಲಗಿರಿಯಪ್ಪ ನೆಲದ ಮೇಲೆ ಬಿದ್ದಿದ್ದ ಕೋಲನ್ನು ಎತ್ತಿ, ಕಂಬಳಿಯ ತುದಿಯಿಂದ ಒರೆಸಿ, ಮಗನ ಕೈಗಿಟ್ಟ. ಆಮೇಲೆ ಗುಡಿಯ ಹಿಂದಕ್ಕೆ ಹೋದ.

ಕದಿರಯ್ಯನ ಕಥೆ ಬೇರೆಯೇ. ಜೋರು ಬಾಯಿಯವರಿಗೆ ತಪ್ಪು ಗೊತ್ತಾದರೆ ಅದನ್ನೂ ಜೋರಾಗಿಯೇ ಹೇಳಬೇಕು. ಅಳಿಯನ ಎರಡೂ ಭುಜ ಹಿಡಿದು, "ತೆಪ್ಪಾಯ್ತು ಕಣ್ಲಾ ಅಂಜಿನ," ಎಂದ. ಆಮೇಲೆ ಫೋನು ಹಿಡಿದು ಬೇಲಿಯ ಕಡೆ ಹೋಗಿ, ಪುರವರದ ಹತ್ತಿರ ಮಂದೆ ಕಾಯುತ್ತಿದ್ದ ಮಗಳು ಗಂಗಾಲಕ್ಷ್ಮಿಗೂ ಕೂಗಿ ಹೇಳಿದ. "ಅಂಜಿನ ಸುಳ್ಳೇಳಿಲ್ಲ ಕಣಮ್ಮ! ಮಿಷಿನ್ ಹೇಳಿದ್ದು ದಿಟವೇ ಕಣಮ್ಮ!" ಗದ್ದಲದಲ್ಲಿ ಅವಳು ಏನೋ ಹೇಳಿದ್ದು ಸರಿಯಾಗಿ ಕೇಳದೆ "ಹೂಂ, ಹೂಂ" ಎಂದು ಇಟ್ಟ.

ಸರ್ವಮಂಗಳಾ ಕಟ್ಟೆಯ ಮೇಲೆ ಕೂತಳು. ಕತ್ತಲಾಗುವ ಹೊತ್ತಿಗೆ ಯಾರೋ ಟೀ ತಂದುಕೊಟ್ಟರು. ಇಷ್ಟು ಸಿಹಿ ಟೀ ಅವಳು ಬೇರೆ ದಿನ ಕುಡಿಯುತ್ತಿರಲಿಲ್ಲ. ಇವತ್ತು ಲೋಟದ ತಳ ಕಾಣುವ ತನಕ ಕುಡಿದಳು. ವಿಮಾ ಕಂಪನಿಗೆ ಬರೆಯಬೇಕಾದ ವರದಿಯ ಮೊದಲ ಸಾಲು ಮನಸ್ಸಿನಲ್ಲೇ ತಯಾರಾಗುತ್ತಿತ್ತು.

ಅವಳ ಫೋನು ಬಡಿದುಕೊಂಡಿತು. ಶೃತಿ.

"ಭಲೇ ಹುಡುಗೀ! ಸ್ವಲ್ಪ ತಡ ಮಾಡಿ ಜೀವ ತಿಂದೆ, ಆದ್ರೂ..."

"ಸಾರಿ ಮೇಡಂ, ಸಾರಿ! ನೀವು ಮಿಸ್ಡ್ ಕಾಲ್ ಕೊಡೋ ಹೊತ್ತಿಗೆ ಇಲ್ಲಿ ಕರೆಂಟು ಹೋಯ್ತು. ಫೋನಲ್ಲೂ ನೆಟ್ ಸಿಗ್ತಿರಲಿಲ್ಲ, ಕಾಲೂ ಹೋಗ್ತಿರಲಿಲ್ಲ. ಈಗಷ್ಟೇ ಬಂತು. ಈಗ ಕಳಿಸ್ಲಾ?"

ಸರ್ವಮಂಗಳಾ ಲೋಟವನ್ನು ಕಟ್ಟೆಯ ಮೇಲಿಟ್ಟಳು.

"ನೀನು ಕಳಿಸ್ಲಿಲ್ವಾ?"

"ಇಲ್ಲ ಮೇಡಂ. ಇನ್ನೂ ಇಲ್ಲ."

ಅವಳು ಎದ್ದು ಓಡಿದಳು. ಕದಿರಯ್ಯನ ಕೈಯಿಂದ ಫೋನು ಕಸಿದುಕೊಂಡು ಮೆಸೇಜನ್ನು ಮತ್ತೆ ಹಾಕಿದಳು. ಈ ಸಲ ಯಾರೂ ಗದ್ದಲ ಮಾಡಲಿಲ್ಲ. "ನಮಸ್ಕಾರ. ನಿಮ್ಮ ಮಂದೆ ಬೇಕಾಗಿದೆ. ಪುರವರದಿಂದಾಚೆ, ಕಡಲೆಕಾಯಿ ಕಿತ್ತ ಹೊಲ. ಇವತ್ತೇ ಬೇಕು. ತುರ್ತು."

"ಇವೇ," ಎಂದ ಅಂಜಿನಮೂರ್ತಿ. "ಕಡ್ಲೆಕಾಯ್ ಕಿತ್ತ ಹೊಲ, ತುರ್ತು. ಅವತ್ತೂ ಇವೇ ಮಾತು. ಊರೊಂದು ಬ್ಯಾರೆ."

ಹೋದ ಸೋಮವಾರವೂ ಇದೇ ಹೊತ್ತು. ಪೂಜೆಯ ಹೊತ್ತು. ಲಾರಿಯವನು ಇವತ್ತು ಗೌರೀಶನ ಅಂಗಡಿಗೆ ಯಾಕೆ ಬರಲಿಲ್ಲ ಎಂಬುದು ಸರ್ವಮಂಗಳಾಳಿಗೆ ಈಗ ಗೊತ್ತಾಯಿತು.

"ಮಂದೆ ಜೊತೆ ಇರೋರಿಗೂ ಹೋಗಿರುತ್ತೆ ಈ ಮೆಸೇಜು. ಕದಿರಯ್ಯನೋರೆ, ಮಗಳಿಗೆ ಫೋನ್ ಮಾಡಿ. ಮಂದೆ ಎತ್ತಬೇಡ ಅನ್ನಿ. ಬೇಗ!"

"ನಾನು ಈಗ ತಾನೇ ಅವ್ಳಿಗೆ..." ಕದಿರಯ್ಯನ ಬಾಯಿ ತೆರೆದೇ ಉಳಿಯಿತು. ಅಂಜಿನಮೂರ್ತಿಯೇ ನಂಬರು ಒತ್ತಿದ, ಸ್ಪೀಕರು ಹಾಕಿದ.

ಫೋನು ಎತ್ತಿದ ಕೂಡಲೇ ಕುರಿಗಳ ಕೂಗು. ಅದರ ಮೇಲೆ ಗಂಗಾಲಕ್ಷ್ಮಿಯ ಖುಷಿಯ ಧ್ವನಿ.

"ಎತ್ತಿಬುಟ್ಟೆ ಕಣಪ್ಪ! ಸ್ವಾಮಾರ ಯಾಕ್ ಬಂತು ಅಂತ ಅನ್ಮಾನ ಬಂದು ಸುಮ್ಕಿದ್ದೆ. ಮಿಷಿನ್ ಹೇಳಿದ್ದು ದಿಟ ಅಂತ ನೀನೇ ಅಂದ್ಯಲ್ಲ, ನಂಗೂ ಬಂದೈತೆ ಎತ್ಲಾ ಅಂದ್ರೆ ಹೂಂ ಅಂದ್ಯಲ್ಲ. ಹೊಲ್ದೋರು ಭೋ ಒಳ್ಳೇರು ಕಣಪ್ಪ. ಕುರಿ ನಡ್ದು ಸುಸ್ತಾಗ್ತವೆ ಅಂತ ಲಾರೀನೇ ತಂದವ್ರೆ."

"ಗಂಗೀ, ಬ್ಯಾಡ! ಗಂಗೀ..."

"ನಂಗೂ ಮುಂದ್ಗಡೆ ಜಾಗ ಬುಟ್ಟವ್ರೆ. ಹತ್ತಿದೀನಿ. ನಾಳೀಕೆ..."

ಹಿಂದಿನಿಂದ ಒಂದು ಗಂಡು ಧ್ವನಿ ಮೆಲ್ಲಗೆ, ಅಕ್ಕರೆಯಿಂದಲೇ, "ಆ ಫೋನು ಇಲ್ಲಿ ಕೊಡಮ್ಮಾ," ಎಂದಿತು.

ಗುಡಿಯ ಹಿಂದಿನಿಂದ ಬಂದು ನಿಂತಿದ್ದ ಮೂಡಲಗಿರಿಯಪ್ಪ ಆ ಧ್ವನಿ ಕೇಳಿ ಕಂಬ ಹಿಡಿದುಕೊಂಡ. ಎಂದೋ ಹಟ್ಟಿ ಬಿಟ್ಟು ಹೋದವನ ಧ್ವನಿ ಅದು, ಅವನಿಗೆ ಗುರುತು ಸಿಕ್ಕಿತ್ತು. ಫೋನು ಸತ್ತಿತು.

ಕದಿರಯ್ಯ ಮತ್ತೆ ಮತ್ತೆ ಆ ನಂಬರು ಒತ್ತುತ್ತಿದ್ದ. ಅಂಜಿನಮೂರ್ತಿ ಆಗಲೇ ಅಂಗಳದಲ್ಲಿರಲಿಲ್ಲ. ಕೈಗೆ ಬಂದು ಒಂದು ಗಳಿಗೆಯೂ ಆಗದ ಕೋಲನ್ನು ಹಿಡಿದುಕೊಂಡು ಮುಳ್ಳುಬೇಲಿ ಹಾರಿ, ಸರ್ವಮಂಗಳಾಳ ಸ್ಕೂಟರಿನ ಹತ್ತಿರ ನಿಂತು ಕೂಗುತ್ತಿದ್ದ.

ಸರ್ವಮಂಗಳಾಳ ಕೈಯಲ್ಲಿದ್ದ ಫೋನಿನಲ್ಲಿ ಶೃತಿ ಇನ್ನೂ ಇದ್ದಳು.

"ಮೇಡಂ? ಮೇಡಂ, ಆ ಬಾಗಿಲು ಈಗಲಾದ್ರೂ ಮುಚ್ಚಲಾ?"